ಕುಬುಸದ ಹಸಿರು ಸೀರೆ

ನಮ್ಮ ಸೋದರತ್ತೆಯ ಬಾಯಿಗೆ ಹೆದರದವರು ನಮ್ಮ ಓಣಿಯಲ್ಲಿ ಯಾರೂ ಇರಲಿಲ್ಲ. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಮಾನ್ವಿಗೆ ಕೊಟ್ಟಿದ್ದ ನಮ್ಮಕ್ಕನಿಗೆ ಏಳು ತಿಂಗಳು ತುಂಬಿತ್ತು. ತವರಿನವರಾದ ನಾವು ಹೋಗಿ ಹಸಿರು ಸೀರೆ ಉಡಿಸಿ, ಕುಬುಸ ತೊಡಿಸಿ, ಉಡಿ ತುಂಬಬೇಕಿತ್ತು. ಹಿಂದೆ ಎರಡು ಸಲ ಅವಳ ಬಸಿರು ನಿಂತಿರಲಿಲ್ಲ. ಈ ಸಲ ಕೂಸೊಂದು ಕೈಗೆ ಬಂದರೆ ಸಾಕೆಂದು ಅವ್ವ ಕಂಡ ಕಂಡ ದೇವರಿಗೆಲ್ಲ ಕೈ ಮುಗಿಯುತ್ತಿದ್ದಳು.

ರಾಯಚೂರಿನ ಬಟ್ಟೆ ಬಜಾರಿನಲ್ಲಿ ಹಸಿರು ಸೀರೆಗೇನು ಬರವೇ? ಆದರೆ ಅತ್ತೆ ಒಪ್ಪಬೇಕಲ್ಲ!

"ಅಂಗಡಿಯಾಗ ಊರ ಮಂದಿ ಮುಟ್ಟಿದ್ದು ಕುಬುಸಕ್ಕ ನಡಿಯಂಗಿಲ್ಲ. ಮಗ್ಗದಿಂದ ಇಳಿದ ದಿನಾನ ಬಸರಿ ಮೈಮ್ಯಾಲ ಬೀಳಬೇಕು. ನಮ್ಮ ಮನ್ಯಾಗ ಹಾಂಗ ನಡದು ಬಂದದ" ಎಂದಳು.

ಹಾಗಾಗಿ ಬಾಡಿಗೆ ಜೀಪು ಬಂತು. ದೇವದುರ್ಗದ ನೇಕಾರನಿಗೆ ಮೊದಲೇ ಹೇಳಿಟ್ಟಿದ್ದರು. ಅಲ್ಲಿ ಸೀರೆ ಇಳಿಸಿಕೊಂಡು ಮಾನ್ವಿಗೆ ಹೋಗಿ, ಸಂಜೆಗೆ ತಿರುಗಿ ಬರುವುದೆಂದು ಮಾತಾಗಿತ್ತು. ಅವ್ವ, ಅತ್ತೆ, ನಾನು, ಜೊತೆಗೆ ಡ್ರೈವರ್ ಚಾಚಾ. ರಸ್ತೆಯೋ, ದೇವರೇ ಗತಿ. ಮೈಯ ಎಲುಬೆಲ್ಲ ಸಡಿಲಾದವು.

ದೇವದುರ್ಗದ ಬಜಾರಿನಲ್ಲಿ ಲಂಬಾಣಿ ಹೆಂಗಸರು ಕನ್ನಡಿ ಹೊಲಿದ ಲಂಗ ತೊಟ್ಟು, ಮೊಣಕೈ ಮೇಲೂ ಬಳೆ ತುಂಬಿಕೊಂಡು ಉಪ್ಪು ಮೆಣಸಿನಕಾಯಿ ಕೊಳ್ಳುತ್ತಿದ್ದರು. ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ನೇಕಾರನ ಮನೆಗೆ ಹೋದರೆ ಸೀರೆ ಇನ್ನೂ ಮಗ್ಗದ ಮೇಲೇ ಇತ್ತು.

"ಸೆರಗು ಗೇಣುದ್ದ ಉಳಿದದರೀ ಯವ್ವಾ, ಕುಂದರ್ರಿ" ಎಂದ ಅವನು.

ಕೂತೆವು. ಹಸಿರು ಒಡಲಿನ ಒಂದೊಂದು ಎಳೆಗೂ ಕೆಂಪು ಸೆರಗಿನ ಎಳೆಯನ್ನು ಕೊಂಡಿ ಹಾಕಿ ಸೇರಿಸಿದ್ದ. ಎಷ್ಟು ಚೆಂದವಿತ್ತೆಂದರೆ, ನನಗೂ ಬೇಗ ಮದುವೆಯಾಗಬಾರದೇ ಅನಿಸಿತು. ಬಿಸಿಲೇರಿದ ಮೇಲೆ ಸೀರೆ ಇಳಿಯಿತು. ಅತ್ತೆ ಅದರ ತುದಿಗೆ ಅರಿಶಿಣ ಕುಂಕುಮ ಹಚ್ಚಿ, ಮಡಿಲಲ್ಲಿಟ್ಟುಕೊಂಡು ಜೀಪು ಹತ್ತಿದಳು.

ಮಾನ್ವಿಯಲ್ಲಿ ಹೆಂಗಸರೆಲ್ಲ ಆಗಲೇ ನೆರೆದು ನಮ್ಮ ದಾರಿ ಕಾಯುತ್ತಿದ್ದರು. ಸೀರೆ ಉಡಿಸಲೆಂದು ನಾನು ಅಕ್ಕನನ್ನು ಒಳಗೆ ಕರೆದೊಯ್ದೆ. ನೆರಿಗೆ ಹಿಡಿಯುತ್ತಿದ್ದ ನನ್ನ ಕೈಯನ್ನು ಅವಳು ಗಟ್ಟಿಯಾಗಿ ಹಿಡಿದಳು.

"ಕೂಸು ನಿನ್ನಿಯಿಂದ ಮಿಸುಕಾಡವಲ್ದು ತಂಗೀ. ಈ ಮನಿ ಅತ್ತಿಗೆ ಹೇಳಿದ್ರ, ಮಲಗಿರಬೇಕು ಬಿಡು ಅಂದ್ರು. ನೀವು ಬರ್ತೀರಿ ಅಂತ ಕಾದೆ."

ಓಡಿಹೋಗಿ ಅವ್ವನಿಗೂ ಅತ್ತೆಗೂ ಹೇಳಿ, ಈಗಲೇ ದವಾಖಾನೆಗೆ ಹೋಗೋಣವೆಂದೆ. ಅವ್ವ ಅತ್ತೆಯ ಮುಖ ನೋಡಿದಳು, ಅತ್ತೆ ಬೀಗಿತ್ತಿಯ, ಅಂದರೆ ಅಕ್ಕನ ಅತ್ತೆಯ, ಮುಖ ನೋಡಿದಳು.

"ಮಣಿ ಹಾಕ್ಯಾರ, ಹಾಡು ಸುರು ಆಗ್ಯಾವ. ಆರತಿ ಒಂದು ಆಗ್ಲಿ. ನಡುವ ಎದ್ದರ ಕೂಸಿಗೇ ಚಂದಲ್ಲ" ಎಂದಳು ಬೀಗಿತ್ತಿ.

"ಕೂಸಽ ಇಲ್ಲಂದ್ರ ಯಾರಿಗೆ ಬೆಳಗ್ತೀರಿ ಆರತಿ?" ಎಂದು ಒದರಿಬಿಟ್ಟೆ. ಅತ್ತೆ ನನ್ನ ರಟ್ಟೆ ಚಿವುಟಿ, "ಬಾಯಿ ಮುಚ್ಚು, ಅಪಶಕುನ ನುಡೀಬ್ಯಾಡ" ಎಂದಳು. ಅವ್ವ ಆರತಿ ತಟ್ಟೆ ಎತ್ತಿಕೊಂಡಳು. ಇವತ್ತಿಗೂ ಅದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ಅಕ್ಕ ಮಣೆಯ ಮೇಲೆ ಕೂತಳು. ಕೈತುಂಬ ಹಸಿರು ಬಳೆ, ಮುಡಿತುಂಬ ಹೂದಂಡೆ. ಹುಟ್ಟುವ ಮಗನಿಗೆ ಮುತ್ತಿನ ತೊಟ್ಟಿಲು ಕಟ್ಟುವ ಹಾಡು ಹಾಡುತ್ತಿದ್ದರು. ಅವಳು ಯಾರನ್ನೂ ನೋಡಲಿಲ್ಲ. ಆರತಿ ಮುಗಿಯುವ ಮುಂಚೆಯೇ ಸೊಂಟ ಹಿಡಿದುಕೊಂಡು ಮುಂದಕ್ಕೆ ಬಾಗಿದಳು.

ಆಗ ಎಲ್ಲರಿಗೂ ರಾಯಚೂರಿನ ದವಾಖಾನೆ ನೆನಪಾಯಿತು. ಜೀಪಿನ ಹಿಂದೆ ಅಕ್ಕನನ್ನು ಮಲಗಿಸಿದೆವು.

"ಜಲ್ದಿ ಹೊಡಿಯೋ ಯಪ್ಪಾ" ಎಂದಳು ಅವ್ವ.

"ರಸ್ತಾ ಖರಾಬ್ ಅದರೀ ಅಮ್ಮಾ. ಜೋರ್ ಹೊಡದ್ರ ಅಕ್ಕಾರಿಗೆ ತಕಲೀಫ್ ಆಗ್ತದ" ಎಂದ ಚಾಚಾ.

ಕಲ್ಮಲ ಇನ್ನೂ ದೂರವಿರುವಾಗಲೇ ಜೀಪು ನಿಲ್ಲಿಸಬೇಕಾಯಿತು. ಚಾಚಾ ಇಳಿದು, ಆ ಕಡೆ ಮುಖ ಮಾಡಿ ಬೇವಿನ ಮರದ ಕೆಳಗೆ ನಿಂತ. ಹೆರಿಗೆ ಮಾಡಿಸಿದ್ದು ಅತ್ತೆಯೇ. ಗಂಡು ಕೂಸು. ಅಳಲಿಲ್ಲ. ಬೆನ್ನು ತಟ್ಟಿದಳು, ಬಾಯಿಗೆ ಬಾಯಿ ಹಚ್ಚಿ ಊದಿದಳು. ಏನೂ ಆಗಲಿಲ್ಲ.

ಸುತ್ತೋಣವೆಂದರೆ ಅರಿವೆಯಿಲ್ಲ. ಹುಟ್ಟದ ಕೂಸಿಗೆ ಬಟ್ಟೆ ಕೂಡಿಸಿಡಬಾರದು ಎನ್ನುತ್ತಾರೆ ನಮ್ಮಲ್ಲಿ. ಬೆಳಗಿನಿಂದ ಬಟ್ಟೆಗಾಗಿಯೇ ಊರೂರು ತಿರುಗಿದ ನಮ್ಮ ಹತ್ತಿರ ಅದಕ್ಕೆ ಹೊದಿಸಲು ಗೇಣು ಚೂರೂ ಇರಲಿಲ್ಲ. ಚಾಚಾ ತಿರುಗದೆಯೇ ಹೆಗಲ ಮೇಲಿನ ರುಮಾಲು ಹಿಂದಕ್ಕೆ ಚಾಚಿದ. ಅತ್ತೆ ಕೈ ನೀಡಿದಳು.

"ಬ್ಯಾಡ. ನನ್ನ ಸೀರಿ ಹರೀರಿ" ಎಂದಳು ಅಕ್ಕ.

"ಹಾಂಗನಬಾರದವ್ವಾ. ಮುತ್ತೈದಿ ಹಸರು ಅದು. ಹರದ್ರ ನಿನ್ನ ಗಂಡಗ ಚಂದಲ್ಲ."

"ಯಾರ ಸಲುವಾಗಿ ತಂದ್ರಿ ಅತ್ತೀ ಇದನ್ನ? ನನಗ ಉಡಾಕ ಸೀರಿ ಇರಲಿಲ್ಲೇನು? ಅದರ ಸಲುವಾಗಿ ತಂದದ್ದು, ಅದಕ್ಕಽ ಹೊಚ್ಚರಿ."

ಅತ್ತೆ ಚಾಚಿದ ಕೈ ಹಿಂದೆಗೆದಳು. ನನಗೆ ಬುದ್ಧಿ ಬಂದಾಗಿನಿಂದ ಅವಳು ತನ್ನ ಮಾತು ಬಿಟ್ಟುಕೊಟ್ಟದ್ದು ಅದೇ ಮೊದಲು. ಬಾಗಿ ಸೀರೆಯ ಅಂಚಿಗೆ ಹಲ್ಲು ಹಚ್ಚಿದಳು. ಹೊಸ ನೂಲು, ಜಗ್ಗಲಿಲ್ಲ. ಅತ್ತೆ ಅಳುತ್ತ ಒಂದು ಕಡೆ ಹಿಡಿದು ನನ್ನ ಕಡೆ ನೋಡಿದಳು. ನಾನು ಇನ್ನೊಂದು ಕಡೆ ಹಿಡಿದು ಎಳೆದೆ.