ಅಕ್ಕನ ಭೂತಗನ್ನಡಿ ಮತ್ತು ಹೊಸ ಆವೃತ್ತಿ

‘ಹಳೆಯ ಪರದೆ ವ್ಯವಸ್ಥೆಯನ್ನು ಈಗ ಯಾರೂ ಬಳಸುತ್ತಿಲ್ಲವಾದ್ದರಿಂದ ಮುಂದಿನ ಆವೃತ್ತಿಯಿಂದ ಅದನ್ನು ಕೈಬಿಡಲಾಗುತ್ತಿದೆ.’ ಈ ವಾಕ್ಯವನ್ನು ಕನ್ನಡಕ್ಕೆ ತಂದವನು ನಾನೇ. ತಂದು, ತಿದ್ದಲು ಅಕ್ಕನಿಗೆ ಕಳಿಸಿ, ಕಾಫಿ ಮಾಡಿಕೊಳ್ಳಲು ಎದ್ದೆ. ಲೋಟ ಅರ್ಧವಾಗುವ ಹೊತ್ತಿಗೆ ಅವಳ ಫೋನು ಬಂತು.

“ಲೋ, ಯಾರೂ ಬಳಸ್ತಿಲ್ಲ ಅಂತ ಬರ್ದಿದ್ದೀಯಲ್ಲ, ಹಾಗಾದ್ರೆ ಇದನ್ನ ಯಾವುದ್ರಲ್ಲಿ ಓದ್ತಾ ಇದ್ದೀನಿ ನಾನು?”

ಕಂಪ್ಯೂಟರ್ ಹಾಕಿದಾಗ ಕಣ್ಣಿಗೆ ಬೀಳುವ ಕಿಟಕಿಗಳು, ಮೆನು, ಕೆಳಗಿನ ಪಟ್ಟಿ, ಗಡಿಯಾರ ಎಲ್ಲ ಸೇರಿ ಡೆಸ್ಕ್‌ಟಾಪ್. ಅವನ್ನೆಲ್ಲ ಪರದೆಯ ಮೇಲೆ ಮೂಡಿಸುವ ಒಳಗಿನ ಪ್ರೋಗ್ರಾಮೇ ಪರದೆ ವ್ಯವಸ್ಥೆ. ಲಿನಕ್ಸ್ ಎಂಬ ಉಚಿತ ತಂತ್ರಾಂಶದಲ್ಲಿ ಇದನ್ನೆಲ್ಲ ಒಂದೇ ಕಂಪನಿ ಮಾಡಿ ಮಾರುವುದಿಲ್ಲ. ಬೇರೆ ಬೇರೆ ದೇಶದ ಜನ ಸೇರಿ, ಬಹುಪಾಲು ಬಿಡುವಿನ ವೇಳೆಯಲ್ಲಿ ಮಾಡಿ, ಬೇಕಾದವರು ತೆಗೆದುಕೊಳ್ಳಿ ಎಂದು ಬಿಟ್ಟಿರುತ್ತಾರೆ. ಅಂಥ ಒಂದು ಡೆಸ್ಕ್‌ಟಾಪಿನ ವಾರದ ಸುದ್ದಿಯನ್ನು ನಾನು ಕನ್ನಡಕ್ಕೆ ಮಾಡುತ್ತಿದ್ದೆ. ಯಾವ ಬಗ್, ಅಂದರೆ ದೋಷ, ಹೋಯಿತು, ಯಾವ ಗುಂಡಿಯ ಬಣ್ಣ ಬದಲಾಯಿತು, ಮುಂದಿನ ಆವೃತ್ತಿ ಯಾವಾಗ ಎಂಬ ಸುದ್ದಿ. ತತ್ವಶಾಸ್ತ್ರ ಓದಿ, ಕೆಲವು ವರ್ಷ ಕಾಲೇಜಿನಲ್ಲಿ ತರ್ಕ ಹೇಳಿಕೊಟ್ಟು, ಒಂದು ಕಡೆ ಕೂರಲಾಗದೆ ಬಿಟ್ಟು ಬಂದವನಿಗೆ ಈ ಕೆಲಸ ಹಿಡಿಸಿತ್ತು. ಇಲ್ಲಿ ಎಲ್ಲವೂ ಬಹಿರಂಗ, ಯಾರು ಬೇಕಾದರೂ ಪ್ರಶ್ನೆ ಕೇಳಬಹುದು ಎಂದು ನಂಬಿದ್ದೆ.

ಅಕ್ಕ ಇರುವುದು ಪದ್ಮನಾಭನಗರದಲ್ಲಿ, ನಾನು ಜೆ.ಪಿ. ನಗರದಲ್ಲಿ. ಅವಳು ಪುಸ್ತಕಗಳ ಕರಡು ತಿದ್ದುತ್ತಾಳೆ. ಪ್ರಕಾಶಕರಿಗೆ, ಪ್ರೆಸ್ಸಿನವರಿಗೆ, ಒಮ್ಮೊಮ್ಮೆ ಮದುವೆಯ ಆಮಂತ್ರಣ ಬರೆಸುವವರಿಗೂ ಅವಳೇ ಬೇಕು. ಕೆಲವು ವರ್ಷಗಳಿಂದ ಅವಳ ದೃಷ್ಟಿಯ ನಡುಭಾಗ ಮಸುಕಾಗುತ್ತ ಬಂದಿದೆ. ಅಂಚಿನಲ್ಲಿರುವುದು ಕಾಣುತ್ತದೆ, ನೇರ ನೋಡಿದ್ದು ಮಾಯವಾಗುತ್ತದೆ. ವೈದ್ಯರು, ಉಳಿದಿರುವುದನ್ನು ಕಾಪಾಡಿಕೊಳ್ಳಿ ಎಂದಷ್ಟೇ ಹೇಳಿದರು. ಕಾಗದದ ಕರಡು ಅವಳ ಕೈಬಿಟ್ಟಾಗ ನಾನು ಅವಳ ಕಂಪ್ಯೂಟರಿಗೆ ಈ ಡೆಸ್ಕ್‌ಟಾಪ್ ಹಾಕಿಕೊಟ್ಟೆ. ಇದರಲ್ಲೊಂದು ಭೂತಗನ್ನಡಿ ಇದೆ. ಪರದೆಯ ಒಂದು ಚೂರನ್ನು ಹಿಗ್ಗಿಸಿ, ಒಂದೇ ಪದ ಗೋಡೆಯಂತೆ ಎದುರಿಗೆ ನಿಲ್ಲುವ ಹಾಗೆ ಮಾಡುತ್ತದೆ. ಅವಳು ಟೈಪ್ ಮಾಡಿದಂತೆಲ್ಲ ಕರ್ಸರಿನ ಹಿಂದೆಯೇ ಅದೂ ಸರಿಯುತ್ತದೆ. ಹಾಗೆ ಪದ ಪದವಾಗಿ, ಕೆಲವೊಮ್ಮೆ ಅಕ್ಷರ ಅಕ್ಷರವಾಗಿ, ಅವಳು ಇಡೀ ಕಾದಂಬರಿಗಳನ್ನು ತಿದ್ದಿದ್ದಾಳೆ. ನನ್ನ ವಾರದ ಸುದ್ದಿಯನ್ನೂ.

ಹೊಸ ಪರದೆ ವ್ಯವಸ್ಥೆಯನ್ನು ಪರೀಕ್ಷೆಗೆಂದು ಪ್ರಯೋಗದ ಆವೃತ್ತಿಯಲ್ಲಿ ಮೊದಲೇ ಬಿಟ್ಟಿದ್ದರು, ಅಕ್ಕನೂ ಅದನ್ನು ಹಾಕಿ ನೋಡಿದ್ದಳು. ಅದರಲ್ಲಿ ಆ ಭೂತಗನ್ನಡಿ ಇಂಗ್ಲಿಷ್ ಟೈಪ್ ಮಾಡಿದರೆ ಹಿಂದೆಯೇ ಬರುತ್ತದೆ. ಕನ್ನಡ ಟೈಪ್ ಮಾಡಿದರೆ ಮೇಲಿನ ಮೂಲೆಯಲ್ಲಿ ನಿಂತುಬಿಡುತ್ತದೆ. ಕನ್ನಡದ ಅಕ್ಷರ ಕೀಲಿಯಿಂದ ನೇರ ಬರುವುದಿಲ್ಲ, ಒತ್ತು ಕಾಗುಣಿತಗಳನ್ನು ಕೂಡಿಸುವ ಪ್ರೋಗ್ರಾಮೊಂದು ನಡುವೆ ಇರುತ್ತದೆ. ಕರ್ಸರ್ ಎಲ್ಲಿದೆ ಎಂದು ಅದು ಭೂತಗನ್ನಡಿಗೆ ತಿಳಿಸುತ್ತಿಲ್ಲ, ಅಷ್ಟೆ. ನಾನು ಇದನ್ನು ಕ್ರಮಪ್ರಕಾರ ಅವರ ದೂರಿನ ತಾಣದಲ್ಲಿ ಬಗ್ ಎಂದು ಬರೆದು ಹಾಕಿದ್ದೆ. ಒಬ್ಬ ಪುಣ್ಯಾತ್ಮ, ‘ನನ್ನಲ್ಲಿ ಸರಿಯಾಗಿದೆ’ ಎಂದ. ಅವನು ಟೈಪ್ ಮಾಡಿದ್ದು ಇಂಗ್ಲಿಷಿನಲ್ಲಿ. ಇನ್ನೊಬ್ಬರು, ‘ಪರದೆಯನ್ನು ರೆಕಾರ್ಡ್ ಮಾಡಿ ಕಳಿಸಿ’ ಎಂದರು. ಮಾಡಿ ಕಳಿಸಿದೆ. ಅವರದೇ ರೆಕಾರ್ಡಿಂಗ್ ಪ್ರೋಗ್ರಾಮಿನಲ್ಲಿ ಭೂತಗನ್ನಡಿ ಮೂಡುವುದೇ ಇಲ್ಲ. ವಿಡಿಯೋದಲ್ಲಿ ಎಲ್ಲವೂ ಮಾಮೂಲಿ ಗಾತ್ರದಲ್ಲಿ, ಅಚ್ಚುಕಟ್ಟಾಗಿ, ಯಾವ ತೊಂದರೆಯೂ ಇಲ್ಲದೆ ಓಡುತ್ತಿತ್ತು. ‘ತೊಂದರೆ ಕಾಣಲಿಲ್ಲ’ ಎಂದು ಮುಚ್ಚಿದರು. ಫೋನಿನಲ್ಲಿ ಚಿತ್ರ ಹಿಡಿದು ಹಾಕೋಣವೆಂದರೆ, ಮುಚ್ಚಿದ ಬಗ್‌ನಡಿ ಬರೆಯುವಂತಿಲ್ಲ, ಹೊಸದು ತೆರೆಯಿರಿ ಎಂಬ ಸೂಚನೆ ಬಂತು. ಹೊಸದು ತೆರೆದರೆ, ಇದು ಹಳೆಯದರ ನಕಲು ಎಂದು ಅದನ್ನೂ ಮುಚ್ಚಿದರು. ಪರೀಕ್ಷೆಯ ಅವಧಿ ಮುಗಿಯಿತು. ತೆರೆದ ದೂರುಗಳು ಯಾವುವೂ ಇಲ್ಲ. ಆದ್ದರಿಂದ ಯಾರಿಗೂ ತೊಂದರೆ ಇಲ್ಲ. ಆದ್ದರಿಂದ ಹಳೆಯದನ್ನು ಯಾರೂ ಬಳಸುತ್ತಿಲ್ಲ.

ತರ್ಕದ ಪಾಠದಲ್ಲಿ ಯಾವುದಾದರೂ ವಿದ್ಯಾರ್ಥಿ ಹೀಗೆ ಬರೆದಿದ್ದರೆ ಕರೆದು ಕೂರಿಸಿ ಮಾತಾಡುತ್ತಿದ್ದೆ. ಇಲ್ಲಿ ಯಾರನ್ನು ಕರೆಯುವುದು? ಸಿಟ್ಟಿಗೆ ಮನೆಯೊಳಗೆ ಅತ್ತಿಂದಿತ್ತ ನಡೆದೆ. ಕೆಳಗಿನ ಮನೆಯವರು ಏನು ಸಾರ್ ವಾಕಿಂಗಾ ಎಂದು ಮೆಟ್ಟಿಲಿನಿಂದಲೇ ಕೇಳಿದರು.

ಸಿಟ್ಟಿಗೆ ಇನ್ನೊಂದು ಕಾರಣವಿತ್ತು. ನಮಗೆ ಮಾತು ಕೊಟ್ಟಿದ್ದರು. ಊರಿನಲ್ಲಿರುವ ಈ ಡೆಸ್ಕ್‌ಟಾಪಿನ ಮಂದಿ ತಿಂಗಳಿಗೊಮ್ಮೆ ಭಾನುವಾರ ಎಲ್ಲಾದರೂ ಸೇರುತ್ತಾರೆ. ಹಿಂದೊಮ್ಮೆ ಬಿ.ಟಿ.ಎಂ. ಲೇಔಟಿನ ಒಂದು ಆಫೀಸಿನ ಊಟದ ಕೋಣೆಯಲ್ಲಿ ಸೇರಿದ್ದಾಗ, ಬಿಳೇಕಹಳ್ಳಿಯಿಂದ ಬರುವ ಡೆವಲಪರ್ ಒಬ್ಬ ಕೈಯಲ್ಲಿ ಸಮೋಸ ಹಿಡಿದು, “ಭೂತಗನ್ನಡಿ ಸರಿಹೋಗೋವರ್ಗೂ ಹಳೇದನ್ನ ತೆಗ್ಯಕ್ಕೆ ಬಿಡಲ್ಲ ಸಾರ್, ನಾನಿದ್ದೀನಿ” ಎಂದಿದ್ದ. ಅವನ ನೀಲಿ ಅಂಗಿ, ಕಿಟಕಿಯಾಚೆ ಸಾಲುಗಟ್ಟಿದ ಬೈಕುಗಳು, ಎಲ್ಲ ನನ್ನ ಕಣ್ಣಿಗೆ ಕಟ್ಟಿದ ಹಾಗಿತ್ತು. ಮುಂದಿನ ಭಾನುವಾರ ಜಯನಗರದಲ್ಲಿ, ಒಂದು ಟ್ಯೂಷನ್ ಸೆಂಟರಿನ ಮೇಲಿನ ಕೋಣೆಯಲ್ಲಿ ಸಭೆ. ಅವನು ಬಂದು ಚೀಲ ಇಳಿಸುವುದರೊಳಗೆ ಹಿಡಿದುಕೊಂಡೆ.

“ಮಾತು ಕೊಟ್ಟಿದ್ರಲ್ಲ, ಏನಾಯ್ತು?”

“ಯಾವ ಮಾತು ಸಾರ್?”

ಹೇಳಿದೆ. ಬಿ.ಟಿ.ಎಂ., ಊಟದ ಕೋಣೆ, ಸಮೋಸ. ಅವನು ಪೂರ್ತಿ ಕೇಳಿಸಿಕೊಂಡ. “ಸಾರ್, ಬೇಜಾರು ಮಾಡ್ಕೋಬೇಡಿ. ಬಿ.ಟಿ.ಎಂ. ಮೀಟಿಂಗ್‌ಗೆ ನಾನು ಬಂದೇ ಇರ್ಲಿಲ್ಲ. ನಮ್ಮ ಮಾವನ ಮಗಳ ಮದ್ವೆ ಇತ್ತು ಅವತ್ತು.”

ಪಕ್ಕದಲ್ಲಿದ್ದವನೊಬ್ಬ ನಕ್ಕ. “ಬಿಡಿ ಸಾರ್, ಇವ್ನು ಸಮೋಸ ಇರೋ ಕಡೆ ಬರ್ದೇ ಇರೋದು ಅದೊಂದೇ ಸಲ.”

“ಲೇ ಸುಮ್ನಿರು ಮಗಾ. ಸಾರ್, ನೀವೇ ನೋಡಿ, ಮೀಟಿಂಗ್ ನೋಟ್ಸ್‌ನಲ್ಲೂ ಹಂಗೇನಿಲ್ಲ. ಬರ್ದಿಲ್ಲ ಅಂದ್ರೆ ನಮ್ಮಲ್ಲಿ ಹೇಳ್ದಂಗಲ್ಲ.”

ಇದು ಅವರ ಪದ್ಧತಿ. ಬಾಯಲ್ಲಿ ಆದದ್ದು ಲೆಕ್ಕಕ್ಕಿಲ್ಲ. ದೂರ ದೂರದ ಜನ ಸೇರಿ ಮಾಡುವ ಕೆಲಸಕ್ಕೆ ಅದು ಬೇಕು ಎಂದು ನಾನೇ ಹಿಂದೆ ಹೊಗಳಿದ್ದೆ. ಅವತ್ತು ಮಾತ್ರ ಮೈ ಉರಿಯಿತು. ಜೊತೆಗೆ ಒಳಗೊಳಗೇ ಅಳುಕು. ಅವನು ಸುಳ್ಳು ಹೇಳುವವನಲ್ಲ. ಹಾಗಾದರೆ ಆ ನೀಲಿ ಅಂಗಿ ಯಾರದು? ಬೇರೆ ಯಾರೋ ಆಡಿದ ಮಾತನ್ನು ಇವನ ಬಾಯಿಗೆ ಹಾಕಿಕೊಂಡೆನೇ, ಅಥವಾ ಯಾರಾದರೂ ಹಾಗೆ ಹೇಳಬಾರದೇ ಎಂದು ಆಸೆಪಟ್ಟು, ಆಸೆಗೆ ಅಂಗಿ ತೊಡಿಸಿ, ಕೈಗೆ ಸಮೋಸ ಕೊಟ್ಟೆನೇ? ಮನೆಗೆ ಹಿಂದಿರುಗುವಾಗ ಬಸ್ಸಿನಲ್ಲಿ ಆ ಕೋಣೆಯನ್ನು ಮತ್ತೆ ಮತ್ತೆ ಕಟ್ಟಿ ನೋಡಿದೆ. ಪ್ರತಿ ಸಲವೂ ಬೈಕುಗಳು ಬೇರೆ ಕಡೆ ನಿಂತಿದ್ದವು.

ಅಕ್ಕನಿಗೆ ಹೇಳಿದರೆ ಅವಳು ನನ್ನ ನೆನಪಿನ ಬಗ್ಗೆ ಯೋಚಿಸಲೂ ಇಲ್ಲ.

“ಹೇಳಿದ್ನೋ ಇಲ್ವೋ ಅದನ್ನ ಕಟ್ಕೊಂಡು ಏನ್ ಮಾಡ್ತೀಯ? ಹೇಳಿದ್ರೆ ನಂಗೆ ಅಕ್ಷರ ಕಾಣ್ತಿತ್ತಾ?”

“ಹಾಗಲ್ಲ ಅಕ್ಕ, ನ್ಯಾಯ ಅಂತ ಒಂದು...”

“ನ್ಯಾಯ ಆಮೇಲೆ ನೋಡ್ಕೊಳಣ. ಮುಂದಿನ ಸಲ ನನ್ನನ್ನ ಕರ್ಕೊಂಡ್ ಹೋಗು. ಆ ಹುಡುಗನ್ನ ನಾನು ಮಾತಾಡಿಸ್ತೀನಿ.”

ಮುಂದಿನ ಸಭೆಗೆ ಆಟೋದಲ್ಲಿ ಹೋದೆವು. ಟ್ಯೂಷನ್ ಸೆಂಟರಿನ ಮೆಟ್ಟಿಲು ಕಿರಿದು. ಅಕ್ಕ ಗೋಡೆಗೆ ಕೈಯಾನಿಸಿಕೊಂಡು ಹತ್ತಿದಳು. ಎಲ್ಲರೂ ಎದ್ದು ನಿಂತು, ಬನ್ನಿ ಮೇಡಂ, ಕೂತ್ಕೊಳ್ಳಿ ಮೇಡಂ, ಕಾಫಿ ಹೇಳ್ಲಾ ಎಂದರು. ಬಿಳೇಕಹಳ್ಳಿಯವನು ತನ್ನ ಲ್ಯಾಪ್‌ಟಾಪನ್ನು ಪ್ರೊಜೆಕ್ಟರಿಗೆ ಜೋಡಿಸಿ, ಹೊಸ ಆವೃತ್ತಿಯ ಅಂದಚಂದ ತೋರಿಸುವವನಿದ್ದ. ಪ್ರೊಜೆಕ್ಟರಿಗೂ ರೆಕಾರ್ಡಿಂಗಿಗೂ ವ್ಯತ್ಯಾಸವಿದೆ. ಪರದೆಯಲ್ಲಿ ಮೂಡಿದ್ದೇ ಗೋಡೆಯ ಮೇಲೂ ಮೂಡುತ್ತದೆ. ಅಕ್ಕ ಅವನ ಪಕ್ಕದ ಕುರ್ಚಿ ಎಳೆದುಕೊಂಡಳು.

“ಇದ್ರಲ್ಲಿ ಭೂತಗನ್ನಡಿ ಹಾಕಿ.”

ಹಾಕಿದ.

“ಇನ್ನೂ ದೊಡ್ಡದು. ನಂಗೆ ಎಷ್ಟು ಬೇಕೋ ಅಷ್ಟು.”

ಗೋಡೆಯ ತುಂಬ ಬಿಳಿ. ಬರೆಯುವ ಕಿಟಕಿಯ ಒಂದು ಮೂಲೆ ಮಾತ್ರ ಹಿಗ್ಗಿ ನಿಂತಿತ್ತು.

“ಈಗ ನಿಮ್ಮ ಮನೆ ವಿಳಾಸ ಟೈಪ್ ಮಾಡಿ. ಕನ್ನಡದಲ್ಲಿ. ಗಾಜು ತೆಗೀಬಾರ್ದು.”

ಅವನು ನಗುತ್ತಲೇ ಶುರು ಮಾಡಿದ. ಕೀಲಿಗಳ ಸದ್ದು ಬಂತು, ಗೋಡೆಯ ಮೇಲೆ ಮೊದಲಕ್ಷರ ಬಿಟ್ಟರೆ ಬೇರೇನೂ ಬರಲಿಲ್ಲ. ಅವನು ಕತ್ತು ಚಾಚಿದ. ಅಳಿಸಿದ. ಮತ್ತೆ ಹೊಡೆದ. ಅಳಿಸಿದ್ದು ಎಷ್ಟು, ಉಳಿದದ್ದು ಎಷ್ಟು ಎಂದು ಅವನಿಗೂ ಗೊತ್ತಿರಲಿಲ್ಲ.

ಹಿಂದಿನ ಬೆಂಚಿನಿಂದ ಯಾರೋ ಕೂಗಿದರು: “ಗುರು, ಬಿಳೇಕಹಳ್ಳಿ ಎಲ್ಲಿ ಹೋಯ್ತು?”

“ಟ್ರಾಫಿಕ್‌ನಲ್ಲಿ ಸಿಕ್ಕಾಕೊಂಡಿರ್ಬೇಕು ಬಿಡು!”

ನಗೆ ಎದ್ದಿತು. ಅಕ್ಕನೂ ನಕ್ಕಳು. ನಗು ಇಳಿದ ಮೇಲೆ ಹೇಳಿದಳು, “ಸರಿ. ಈಗ ಇದ್ರ ಮೇಲೆ ಒಂದು ಕಂಪ್ಲೇಂಟ್ ಬರೀರಿ. ಕನ್ನಡದಲ್ಲೇ. ಗಾಜು ತೆಗೀದೆ.”

ಅವನು ಕೈಗಳನ್ನು ಕೀಲಿಗಳ ಮೇಲಿಟ್ಟ. ಬ್ರೌಸರ್ ತೆರೆಯಲು ಹೋದರೆ ಬೇರೆ ಏನೋ ತೆರೆಯಿತು.

“ಆಗಲ್ಲ ಮೇಡಂ,” ಎಂದ ಕೊನೆಗೆ.

“ನಂಗೂ ಆಗ್ಲಿಲ್ಲಪ್ಪ. ಅದಕ್ಕೇ ನನ್ನಂಥೋರ ಕಂಪ್ಲೇಂಟ್ ನಿಮ್ಗೆ ಬಂದಿಲ್ಲ.”

ಅವನ ಬಗ್ಗೆ ಕೆಟ್ಟದಾಗಿ ಬರೆಯಲಾರೆ. ಅಲ್ಲೇ ಕೂತು ಮುಚ್ಚಿದ ಬಗ್ಗನ್ನು ತೆರೆಸಿದ, ಗೋಡೆಯ ಚಿತ್ರವನ್ನು ಫೋನಿನಲ್ಲಿ ಹಿಡಿದು ಹಾಕಿದ, ಬಿಡುಗಡೆ ನೋಡಿಕೊಳ್ಳುವವರಿಗೆ ‘ಇದು ಸರಿಹೋಗದೆ ಹಳೆಯದನ್ನು ತೆಗೆಯಬಾರದು’ ಎಂದು ಬರೆದ. ನನ್ನ ನೆನಪಿನ ನೀಲಿ ಅಂಗಿಯವನು ಆಡಿದ ಮಾತನ್ನೇ ಈಗ ಇವನು ಬರವಣಿಗೆಯಲ್ಲಿ ಆಡಿದ್ದ. ಅವತ್ತು ಅವನು ತೊಟ್ಟಿದ್ದು ಬಿಳಿ ಅಂಗಿ. ಇದನ್ನು ಮರೆಯಬಾರದೆಂದು ಬೇಕೆಂದೇ ನೋಡಿಕೊಂಡೆ.

ಉತ್ತರ ಬಂತು. ಬಿಡುಗಡೆಯ ದಿನ ನಿಗದಿಯಾಗಿದೆ, ಹಳೆಯ ವ್ಯವಸ್ಥೆಯನ್ನು ನೋಡಿಕೊಳ್ಳಲು ಜನರಿಲ್ಲ, ಈ ವಿಷಯವನ್ನು ಮುಂದಿನ ದಿನಗಳಲ್ಲಿ ಗಮನಿಸಲಾಗುವುದು. ಜನರಿಲ್ಲ ಎಂಬುದು ನಿಜವೇ ಇರಬಹುದು. ಸಂಬಳವಿಲ್ಲದೆ ದುಡಿಯುವವರನ್ನು ಎಷ್ಟು ಎಂದು ಕೇಳುವುದು? ಆದರೆ ಆ ವಾರದ ಸುದ್ದಿಯಲ್ಲಿ ಅವರು ಹಾಗೆ ಬರೆಯಲಿಲ್ಲ. ‘ಸಮುದಾಯದ ಎಲ್ಲರ ಅಭಿಪ್ರಾಯ ಪಡೆದು ಹೊಸ ವ್ಯವಸ್ಥೆಗೆ ಬಂದಿದ್ದೇವೆ. ಸಣ್ಣಪುಟ್ಟ ತೊಂದರೆಗಳಷ್ಟೇ ಉಳಿದಿವೆ’ ಎಂದು ಬರೆದರು. ನಮಗೆ ಕೈಲಾಗಲಿಲ್ಲ, ಕ್ಷಮಿಸಿ ಎಂದಿದ್ದರೆ ನಾನು ತಲೆ ತಗ್ಗಿಸಿ ಅನುವಾದ ಮಾಡುತ್ತಿದ್ದೆ. ಕೈಲಾಗದ್ದನ್ನು ಎಲ್ಲರ ಒಪ್ಪಿಗೆ ಎಂದು ಕರೆದದ್ದನ್ನು ಇವತ್ತಿಗೂ ನುಂಗಲಾಗಿಲ್ಲ.

ಅನುವಾದ ಮಾಡಿ ಅಕ್ಕನಿಗೆ ಕಳಿಸಿದೆ. ಫೋನು ಬಂತು.

“ಈ ಸಣ್ಣಪುಟ್ಟ ಅನ್ನೋದು ನಾನೇನೋ?”

“ಹೂಂ.”

“ನಿಂಗೆ ಹಾಗನ್ಸತ್ತಾ?”

“ಇಲ್ಲ.”

“ಮತ್ತೆ ಯಾಕೆ ಬರ್ದೆ?”

ಮೂಲದಲ್ಲಿ ಹಾಗಿದೆ, ಅನುವಾದಕ ಮೂಲಕ್ಕೆ ನಿಷ್ಠನಾಗಿರಬೇಕು ಎಂಬ ಉತ್ತರ ನಾಲಿಗೆಯ ತುದಿಯಲ್ಲಿತ್ತು. ಆದರೆ ಆ ವಾಕ್ಯವನ್ನು ಹಾಗೇ ಬಿಟ್ಟು, ಸುದ್ದಿಯ ಕೊನೆಗೆ ಗೆರೆ ಎಳೆದು, ಕೆಳಗೆ ಅನುವಾದಕನ ಮಾತು ಎಂದು ಬರೆದೆ: ‘ಭೂತಗನ್ನಡಿ ಇಟ್ಟುಕೊಂಡು ಕನ್ನಡದಲ್ಲಿ ಟೈಪ್ ಮಾಡುವವರು ಹೊಸ ಆವೃತ್ತಿ ಹಾಕಿಕೊಳ್ಳಬೇಡಿ. ಬರೆದದ್ದು ಕಾಣುವುದಿಲ್ಲ. ಇದು ನಿಮ್ಮ ತಪ್ಪಲ್ಲ.’ ಕೊನೆಯ ವಾಕ್ಯ ಅಕ್ಕ ಸೇರಿಸಿದ್ದು.

ಮಾರನೆಯ ದಿನವೇ ಅದನ್ನು ತೆಗೆದುಹಾಕಿದ್ದರು. ಮೂಲದಲ್ಲಿಲ್ಲದ್ದನ್ನು ಅನುವಾದದಲ್ಲಿ ಸೇರಿಸುವಂತಿಲ್ಲ ಎಂದು ನನಗೊಂದು ವಿನಯದ ಸಂದೇಶ ಬಂದಿತ್ತು. ಅಷ್ಟರೊಳಗೆ ತಲಘಟ್ಟಪುರದ ಒಬ್ಬ ನಿವೃತ್ತ ಮೇಷ್ಟ್ರು ಅದನ್ನು ಓದಿ, ಕೆಳಗೆ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆದಿದ್ದರು. ಪ್ರಯೋಗದ ಆವೃತ್ತಿ ಹಾಕಿಕೊಂಡ ದಿನದಿಂದ ಬರೆದದ್ದು ಕಾಣುತ್ತಿಲ್ಲ, ತನಗೇ ವಯಸ್ಸಾಯಿತು, ಕಲಿತದ್ದು ಮರೆತೆ ಅಂದುಕೊಂಡು ಕಂಪ್ಯೂಟರನ್ನು ಮುಚ್ಚಿಟ್ಟಿದ್ದರಂತೆ. ನೆನಪು ಕೈಕೊಡುತ್ತಿದೆಯೇ ಎಂದು ತನ್ನನ್ನೇ ಅನುಮಾನಿಸುವುದು ಎಂಥದು ಎಂದು ನನಗೆ ಗೊತ್ತು. ಒಬ್ಬ ಮನುಷ್ಯನಿಗೆ ಆ ಅನುಮಾನ ಹಚ್ಚಿ, ಅದಕ್ಕೆ ಸಣ್ಣಪುಟ್ಟ ಎಂದು ಹೆಸರಿಡುತ್ತಾರೆಯೇ? ಟಿಪ್ಪಣಿಯನ್ನು ಮತ್ತೆ ಹಾಕಿದೆ. ಮತ್ತೆ ತೆಗೆದರು. ಈಗ ವಾರದ ಸುದ್ದಿಯನ್ನು ನಾನು ಮಾಡುತ್ತಿಲ್ಲ.

ಮೊನ್ನೆ ಪದ್ಮನಾಭನಗರಕ್ಕೆ ಹೋದಾಗ ಅಕ್ಕ ಹಳೆಯ ಆವೃತ್ತಿಯಲ್ಲೇ ಯಾರದೋ ಆತ್ಮಕತೆಯ ಕರಡು ತಿದ್ದುತ್ತಿದ್ದಳು. ಇನ್ನು ಎಷ್ಟು ಕಾಲ ಅದು ನಡೆಯುತ್ತದೋ ತಿಳಿಯದು. ಅದಕ್ಕೆ ದುರಸ್ತಿಗಳು ಬರುವುದು ನಿಂತ ಮೇಲೆ ಇವತ್ತಲ್ಲ ನಾಳೆ ಕೆಡುತ್ತದೆ. ಬಿಳೇಕಹಳ್ಳಿಯವನು ಕೆಲಸ ಮಾಡುತ್ತಲೇ ಇದ್ದಾನೆ, ಭಾನುವಾರ ಬಂದು ಅವಳ ಪಕ್ಕ ಕೂತು ಪರೀಕ್ಷಿಸಿ ಹೋಗುತ್ತಾನೆ. ಕಳೆದ ಸಲ ಗಾಜು ಕರ್ಸರಿನ ಹಿಂದೆ ಬಂತಂತೆ, ಆದರೆ ಒತ್ತಕ್ಷರಗಳು ಕೆಳಗೆ ಕತ್ತರಿಸಿ ಹೋದವಂತೆ.

ನಾವು ಮಾತಾಡುತ್ತಿರುವಾಗಲೇ ಪರದೆಯ ಮೂಲೆಯಲ್ಲಿ ಒಂದು ಪೆಟ್ಟಿಗೆ ಎದ್ದಿತು. ಅವಳ ಗಾಜಿನಲ್ಲಿ ಅದು ಹಿಗ್ಗಿ, ತಿದ್ದುತ್ತಿದ್ದ ಪುಟವನ್ನೆಲ್ಲ ಮುಚ್ಚಿತು. ‘ಹೊಸ ಆವೃತ್ತಿ ಸಿದ್ಧವಿದೆ.’ ಕೆಳಗೆ ಎರಡು ಗುಂಡಿ. ಒಂದರ ಮೇಲೆ ‘ಈಗಲೇ’, ಇನ್ನೊಂದರ ಮೇಲೆ ‘ಆಮೇಲೆ’. ಅವನ್ನು ಕನ್ನಡಕ್ಕೆ ಮಾಡಿದ್ದೂ ನಾನೇ.

“ದಿನಾ ಬೆಳಗ್ಗೆ ಬರತ್ತೆ ಇದು,” ಎಂದಳು. “ಬೇಡ ಅನ್ನೋ ಗುಂಡಿ ಇಲ್ವೇನೋ?”

“ಇಲ್ಲ ಅಕ್ಕ.”

ಅವಳು ‘ಆಮೇಲೆ’ ಒತ್ತಿ ಕುರ್ಚಿಯಿಂದ ಎದ್ದಳು. “ಬಾ, ಇಲ್ಲಿ ಕೂತ್ಕೋ. ಅದನ್ನೂ ಬಗ್ ಅಂತ ಬರಿ. ನಾನು ಹೇಳ್ತೀನಿ.”

ಕೂತೆ. ಗಾಜನ್ನು ತೆಗೆಯದೆ ಹಾಗೇ ಬಿಟ್ಟು, ಒಂದೊಂದೇ ಪದವಾಗಿ ಬರೆಯತೊಡಗಿದೆ.