ಪೇರ್ಲ್ಯಾಂಡಿನ ಕರಿಬೇವು

ಹೂಸ್ಟನ್ನಿನಲ್ಲಿ ನಾನು ಕಮ್ಯುನಿಟಿ ಕಾಲೇಜು ಸೇರಿದ್ದು ನಿಸರ್ಗದ ಮೇಲಿನ ಪ್ರೀತಿಯಿಂದಲ್ಲ. ಗಂಡನ ವೀಸಾದ ಬೆನ್ನು ಹಿಡಿದು ಬಂದವಳು ಕೆಲಸ ಮಾಡುವಂತಿರಲಿಲ್ಲ, ಓದಬಹುದಿತ್ತು. ಸ್ಟಾಫರ್ಡಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ನನ್ನಂಥವರೆಲ್ಲ ಸಾಫ್ಟ್‌ವೇರ್ ಟೆಸ್ಟಿಂಗ್ ಕಲಿಯುತ್ತಿದ್ದರು. ಎಲ್ಲರೂ ಮಾಡುವುದನ್ನೇ ನೀನೂ ಮಾಡು ಎಂದರೆ ನನಗೆ ಮೊದಲಿನಿಂದಲೂ ಮೈ ಉರಿಯುತ್ತದೆ. ಹಾಗಾಗಿ ನ್ಯಾಚುರಲ್ ರಿಸೋರ್ಸಸ್ ಮ್ಯಾನೇಜ್‌ಮೆಂಟಿಗೆ ಸೇರಿಕೊಂಡೆ. ಕಾಡು, ನೀರು, ಮಣ್ಣು, ಪ್ರಾಣಿಗಳನ್ನು ಹೇಗೆ ಉಳಿಸಿಕೊಳ್ಳಬೇಕು ಎಂದು ಹೇಳಿಕೊಡುವ ಕೋರ್ಸು. "ಮರ ಎಣಿಸೋಕೆ ಇಷ್ಟು ದೂರ ಬಂದ್ಯಾ?" ಎಂದು ಗಂಡ ನಕ್ಕ.

ತರಗತಿಯಲ್ಲಿ ಪಿಕಪ್ ಟ್ರಕ್ಕಿನಲ್ಲಿ ಬರುವ, ರಜೆ ಸಿಕ್ಕರೆ ಜಿಂಕೆ ಬೇಟೆಗೆ ಹೋಗುವ ಹುಡುಗರೇ ಹೆಚ್ಚು. ಅವರ ನಡುವೆ ಬಿ.ಕಾಂ. ಮಾಡಿದ ಮೈಸೂರಿನವಳು ನಾನೊಬ್ಬಳು. ಮೇಷ್ಟ್ರು ವಯಸ್ಸಾದವರು, ಬಿಸಿಲಿನಲ್ಲಿ ಬೆಂದ ಮುಖ. ಮೊದಲ ದಿನವೇ ಎಲ್ಲರಿಗೂ ದಾರ ಕಟ್ಟಿದ ಪುಟ್ಟ ಭೂತಗನ್ನಡಿ ಕೊಟ್ಟರು. ತಾಳಿಯ ಜೊತೆಗೆ ಅದೂ ನನ್ನ ಕೊರಳಲ್ಲಿ ನೇತಾಡತೊಡಗಿತು. ಒಬ್ಬೊಬ್ಬರೂ ಒಂದು ಮರ ಆರಿಸಿಕೊಂಡು ಟರ್ಮ್ ಮುಗಿಯುವವರೆಗೂ ಅದನ್ನು ನೋಡಿಕೊಳ್ಳಬೇಕು, ಕಂಡದ್ದನ್ನು ಬಂದು ಹೇಳಬೇಕು ಎಂದರು. ಹುಡುಗರು ಓಕ್, ಪೆಕಾನ್ ಎಂದರು. ನಾನು ಕರಿಬೇವು ಎಂದೆ.

ಅದು ಹೂಸ್ಟನ್ನಿಗೆ ಅಂಟಿಕೊಂಡ ಪೇರ್ಲ್ಯಾಂಡಿನಲ್ಲಿ, ನಾವೆಲ್ಲ ಆಂಟಿ ಎಂದು ಕರೆಯುತ್ತಿದ್ದ ಒಬ್ಬರ ಮನೆಯ ಗಿಡ. ಗಿಡ ಅನ್ನುತ್ತೇನೆ, ಆದರೆ ಬೇಲಿಯನ್ನು ಮೀರಿ ಬೆಳೆದಿತ್ತು. ಆಂಟಿ ಧಾರವಾಡದ ಕಡೆಯವರು. ಮಗ, ಸೊಸೆ ಇಬ್ಬರೂ ಮೆಡಿಕಲ್ ಸೆಂಟರಿಗೆ ಬೆಳಿಗ್ಗೆಯೇ ಹೊರಟುಬಿಡುತ್ತಿದ್ದರು. ಮೊಮ್ಮಕ್ಕಳಿಗೆ ಅಜ್ಜಿಯ ಮಾತು ತಿಳಿಯುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಆಂಟಿಗೆ ಕಾರು ಓಡಿಸಲು ಬಾರದು. ಹಾಗಾಗಿ ವಾರವೆಲ್ಲ ಅವರು ಭಾನುವಾರಕ್ಕೆ ಕಾಯುತ್ತಿದ್ದರು. ಆ ಊರಿನ ದೇವಸ್ಥಾನಕ್ಕೆ ಡಲ್ಲಾಸಿನಿಂದ, ಆಸ್ಟಿನ್ನಿನಿಂದ ಬಂದ ಕನ್ನಡದವರು ದರ್ಶನ ಮುಗಿಸಿ ಅವರ ಮನೆಗೆ ಬರುತ್ತಿದ್ದರು. ಚಹಾ, ಅವಲಕ್ಕಿ, ಊರಿನ ಸುದ್ದಿ. ಹೊರಡುವಾಗ ಪ್ರತಿಯೊಬ್ಬರಿಗೂ ಒಂದು ಚೀಲ ಕರಿಬೇವು. ಹೊಸದಾಗಿ ಸಂಸಾರ ಹೂಡಿದವರಿಗೆ ಬುಡದಿಂದ ಎದ್ದ ಒಂದು ಸಸಿ. ಆಂಟಿಯ ಮುಖ ಆ ಹೊತ್ತಿನಲ್ಲಿ ನೋಡಬೇಕಿತ್ತು.

ನನ್ನ ಮೇಲೆ ನನಗೇ ಸಿಟ್ಟು ಬರುವುದು ಇಲ್ಲಿಯೇ. ಆ ಗಿಡದ ಎಲೆಯನ್ನು ಅಷ್ಟು ದಿನ ಒಗ್ಗರಣೆಗೆ ಹಾಕಿಕೊಂಡು ಸುಮ್ಮನಿದ್ದವಳು, ಭೂತಗನ್ನಡಿ ಕೈಗೆ ಬಂದ ಮೇಲೆ ಎಲೆಯ ಹಿಂಬದಿ ನೋಡಿದೆ. ಚಿಗುರಿನಲ್ಲಿ ಎಳ್ಳಿಗಿಂತ ಸ್ವಲ್ಪ ದೊಡ್ಡದಾದ ಕಂದು ಹುಳುಗಳು, ತಲೆ ತಗ್ಗಿಸಿ ಹಿಂಭಾಗ ಎತ್ತಿ ಕೂತಿದ್ದವು. ಪಕ್ಕದಲ್ಲಿ ಹಳದಿ ಮರಿಗಳು, ಅವುಗಳ ಮೈಯಿಂದ ಮೇಣದಂಥ ಬಿಳಿ ಎಳೆ. ಫೋಟೋ ತೆಗೆದು ಮೇಷ್ಟ್ರಿಗೆ ತೋರಿಸಿದೆ. ಅವರು ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು. ಕರಿಬೇವು ನಿಂಬೆಯ ಕುಟುಂಬದ್ದೇ. ಈ ಹುಳು ಕರಿಬೇವಿಗೆ ದೊಡ್ಡ ಹಾನಿ ಮಾಡುವುದಿಲ್ಲ, ಆದರೆ ಇಲ್ಲಿ ಬೆಳೆದು ನಿಂಬೆ, ಕಿತ್ತಳೆ ಗಿಡಗಳಿಗೆ ರೋಗ ಹೊತ್ತೊಯ್ಯಬಲ್ಲದು. ಆ ರೋಗಕ್ಕೆ ಮದ್ದಿಲ್ಲ. ಅದಕ್ಕೇ ನಮ್ಮ ಸುತ್ತಿನ ಕೌಂಟಿಗಳಿಂದ, ಅಂದರೆ ಇಲ್ಲಿಯ ಜಿಲ್ಲೆಗಳಿಂದ, ಈ ಗಿಡವಾಗಲಿ ಎಲೆಯಾಗಲಿ ಹೊರಗೆ ಹೋಗಬಾರದು ಎಂಬ ನಿಯಮವಿದೆ. ಇಷ್ಟನ್ನು ಹೇಳಿ, ಆ ಮನೆಯವರಿಗೆ ನೀವೇ ತಿಳಿಸಿ, ನಿಮ್ಮ ಭಾಷೆಯಲ್ಲಿ ಹೇಳಿದರೆ ಕೇಳುತ್ತಾರೆ ಎಂದರು.

ಕೇಳಿದರು. ಅದೇ ತೊಂದರೆಯಾದದ್ದು.

"ಆಂಟಿ, ಇನ್ಮೇಲೆ ದೂರದ ಊರಿನವರಿಗೆ ಕರಿಬೇವು ಕೊಡೋ ಹಾಗಿಲ್ಲ" ಎಂದು ಹುಳುವಿನ ಕತೆಯನ್ನೆಲ್ಲ ಹೇಳಿದೆ. ಅವರು ಗಿಡದ ಕಡೆ ನೋಡುತ್ತ ಕೇಳಿಸಿಕೊಂಡರು.

"ಅಲ್ಲವಾ, ಯಾರದೋ ಮನಿ ನಿಂಬಿಗಿಡ ನನ್ನಿಂದ ಸಾಯ್ತದಂದ್ರ ಹೆಂಗ ಕೊಡ್ಲಿ?" ಎಂದರು. "ಬ್ಯಾಡ. ಇವತ್ತಿನಿಂದ ಯಾರಿಗೂ ಇಲ್ಲ."

"ಯಾರಿಗೂ ಅಂತಲ್ಲ ಆಂಟಿ. ಅಕ್ಕಪಕ್ಕದವರಿಗೆ ತೊಳೆದು ಕೊಟ್ಟರೆ ಅಡ್ಡಿ ಇಲ್ವಂತೆ, ಮೇಷ್ಟ್ರನ್ನ ಕೇಳಿದೀನಿ."

"ಡಲ್ಲಾಸದಿಂದ ಅಷ್ಟು ದೂರ ಬಂದಾಕಿಗೆ ಇಲ್ಲ ಅಂದು, ಬಾಜೂ ಮನಿಯಾಕಿಗೆ ಕೊಡ್ಲೇನು? ಇಬ್ಬರೂ ಒಂದ ಕಡೆ ಕುಂತು ಚಾ ಕುಡಿಯೋರು. ಹಂಗ ಭೇದ ಮಾಡಾಕ ಬರಂಗಿಲ್ಲವಾ."

ಎಷ್ಟು ಹೇಳಿದರೂ ಬಗ್ಗಲಿಲ್ಲ. ಪಂಕ್ತಿಯಲ್ಲಿ ಒಬ್ಬರಿಗೆ ತುಪ್ಪ ಬಡಿಸಿ ಪಕ್ಕದವರನ್ನು ದಾಟಿ ಹೋಗುವುದು ಎಂಥ ಪಾಪವೋ ಇದೂ ಅಂಥದ್ದೇ ಎಂದು ಅವರು ತೀರ್ಮಾನಿಸಿಬಿಟ್ಟಿದ್ದರು. ನನ್ನ ಪುಸ್ತಕದಲ್ಲಿ ಕೌಂಟಿಯ ಗಡಿಗೆ ಬೆಲೆ ಇತ್ತು, ಆಂಟಿಯ ಲೆಕ್ಕದಲ್ಲಿ ಗಡಿಯ ಒಳಗೂ ಹೊರಗೂ ಇದ್ದವರು ಒಂದೇ ಚಾಪೆಯ ಮೇಲೆ ಕೂರುವವರು.

ಮುಂದಿನ ಭಾನುವಾರ ಅವರು ಎಲ್ಲರಿಗೂ ಅವಲಕ್ಕಿ ಕೊಟ್ಟು ಬರಿಗೈಯಲ್ಲಿ ಕಳಿಸಿದರು. ಡಲ್ಲಾಸಿನ ಹತ್ತಿರದ ಫ್ಲವರ್ ಮೌಂಡಿನಿಂದ ಬಂದಿದ್ದ ಒಬ್ಬಾಕೆ ಬಾಗಿಲಲ್ಲೇ ನನ್ನನ್ನು ಹಿಡಿದು, "ನಿಮ್ಮ ಕಾಲೇಜ್ ಪ್ರಾಜೆಕ್ಟ್‌ಗೆ ನಮ್ಮ ಒಗ್ಗರಣೆ ಯಾಕ್ರೀ ಹಾಳು ಮಾಡಿದ್ರಿ?" ಎಂದು ನಗುತ್ತಲೇ ಕೇಳಿದಳು. ನಾನೂ ನಕ್ಕೆ. ಮೊದಲ ಕೆಲವು ವಾರ ಜನ ಬಂದರು. ಆಮೇಲೆ, ಮಕ್ಕಳಿಗೆ ಕ್ಲಾಸ್ ಇದೆ, ಟ್ರಾಫಿಕ್ ಆಗುತ್ತೆ, ಮುಂದಿನ ಸಲ ಖಂಡಿತ ಎನ್ನತೊಡಗಿದರು. ಅವರು ಕೆಟ್ಟವರಲ್ಲ. ಎಲೆಯ ನೆಪವಿಲ್ಲದೆ ಒಬ್ಬ ಮುದುಕಿಯ ಮನೆಗೆ ಹೋಗುವುದು ಅವರಿಗೆ ಹೊಳೆಯಲಿಲ್ಲ, ಅಷ್ಟೆ. ಅವರವರ ಊರಿನ ಇಂಡಿಯನ್ ಅಂಗಡಿಯಲ್ಲಿ ಕರಿಬೇವು ಪ್ಯಾಕೆಟ್ಟಿನಲ್ಲಿ ಸಿಗುತ್ತಿತ್ತು.

ನಾನು ಫೋನ್ ಮಾಡಿ ಮಾಡಿ ಕರೆದೆ. ಆಂಟಿ ಕಾಯ್ತಿರ್ತಾರೆ, ಹೋಗಿ ಬನ್ನಿ ಎಂದರೆ "ಅಯ್ಯೋ ಹೌದಲ್ವಾ" ಎನ್ನುತ್ತಿದ್ದರು, ಬರುತ್ತಿರಲಿಲ್ಲ. ಹುಳುವಿಗಾದರೆ ಎಣ್ಣೆ ಬೆರೆಸಿದ ಸೋಪಿನ ನೀರು ಇತ್ತು, ನಾನೇ ಪ್ರತಿ ವಾರ ಹೋಗಿ ಸಿಂಪಡಿಸುತ್ತಿದ್ದೆ. ಈ ಇನ್ನೊಂದಕ್ಕೆ ಏನು ಸಿಂಪಡಿಸಬೇಕೋ ನನಗೆ ತಿಳಿಯಲಿಲ್ಲ. ಕೋರ್ಸಿನಲ್ಲಿ ಅದರ ಪಾಠ ಇರಲಿಲ್ಲ. ಭಾನುವಾರ ಆಂಟಿ ಪಡಸಾಲೆಯ ಕಿಟಕಿಯ ಪಕ್ಕ ಕೂತಿರುತ್ತಿದ್ದರು, ಡಬರಿಯ ತುಂಬ ಒಗ್ಗರಣೆ ಅವಲಕ್ಕಿ ಆರುತ್ತಿತ್ತು. ನನಗೆ ಅಳು ಬರುತ್ತಿತ್ತು, ಅವರ ಮುಂದೆ ಅಳುವ ಹಾಗೂ ಇರಲಿಲ್ಲ.

ಚಳಿ ಬಿದ್ದು ಹೋದ ಮೇಲೆ ಚಿಗುರೆಲ್ಲ ಹುಡುಕಿದೆ. ಒಂದು ಹುಳುವೂ ಕಾಣಲಿಲ್ಲ. ಓಡಿಹೋಗಿ ಮೇಷ್ಟ್ರನ್ನು ಕೇಳಿದೆ, ಈಗ ಕೊಡಬಹುದಲ್ಲ? ನಿಯಮ ಇರುವುದು ಒಂದು ಗಿಡಕ್ಕಲ್ಲ, ಇಡೀ ಪ್ರದೇಶಕ್ಕೆ ಎಂದರು ಅವರು, ಬೇಸರದಿಂದಲೇ. ಅವರು ಹೇಳಿದ್ದರಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ. ಟರ್ಮಿನ ಕೊನೆಗೆ ನನಗೆ ಎ ಗ್ರೇಡ್ ಬಂತು. ಜಿಂಕೆ ಹುಡುಗರು ಬೆನ್ನು ತಟ್ಟಿದರು.

ಅಷ್ಟರಲ್ಲಿ ಗಂಡನ ಕಂಪನಿ ಅವನನ್ನು ಆಸ್ಟಿನ್ನಿಗೆ ಕಳಿಸಿತು. ಕೋರ್ಸು ಅರ್ಧಕ್ಕೆ ನಿಂತಿತು, ಯಾರೂ ನನ್ನನ್ನು ಕೇಳಲಿಲ್ಲ. ಹೇಳಿಹೋಗಲು ಪೇರ್ಲ್ಯಾಂಡಿಗೆ ಹೋದೆ. ಆಂಟಿ ನನ್ನ ಕೈ ಹಿಡಿದುಕೊಂಡು ಕೂತರು. ಆಮೇಲೆ ಬಾಗಿಲವರೆಗೆ ಬಂದರು.

"ಅಲ್ಲೂ ನಮ್ಮ ಮಂದಿ ಇರ್ತಾರಲ್ಲ?"

"ಇದಾರೆ ಆಂಟಿ, ತುಂಬಾ ಜನ."

"ಯಾರ ಮನ್ಯಾಗರ ಕರಿಬೇವಿನ ಗಿಡ ಕಂಡ್ರ, ಎಲಿ ಹಿಂದ ನೋಡಾಕ ಹೋಗಬ್ಯಾಡವಾ" ಎಂದರು. "ಪಾಪ, ಅವರ ಮನಿಗೂ ಮಂದಿ ಬರ್ತಿರ್ತಾರ."