ಫ್ರಾಂಕ್‌ಫರ್ಟ್‌ನಿಂದ ಹೊರಡಲು ಬ್ರಸೆಲ್ಸ್‌ಗೆ ಹೋದದ್ದು

ಬಾಡಿಗೆ ಕೋಣೆಯಲ್ಲಿ ಮೊದಲ ಬೆಳಿಗ್ಗೆ ಕಿಟಕಿಯ ಪರದೆ ಸರಿಸಿದಾಗ ಕಂಡದ್ದು ವಿಮಾನವೊಂದರ ಚಕ್ರಗಳು. ಆಕಾಶದಲ್ಲಲ್ಲ, ಎದುರು ಮನೆಯ ಹೆಂಚಿಗಿಂತ ಸ್ವಲ್ಪವೇ ಮೇಲೆ. ಒಲೆಯ ಮೇಲಿದ್ದ ಪಾತ್ರೆಯ ಮುಚ್ಚಳ ಅದುರಿತು. ನಾನು ಕಿವಿ ಮುಚ್ಚಿಕೊಂಡು ನೆಲದ ಮೇಲೆ ಕೂತುಬಿಟ್ಟೆ. ಏಳುವಷ್ಟರಲ್ಲಿ ಇನ್ನೊಂದು ಬಂತು, ಅದರ ಹಿಂದೆ ಮತ್ತೊಂದು.

ಈ ಊರಿನ ಹೆಸರು ರೌನ್‌ಹೈಮ್. ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣದ ಪಕ್ಕದಲ್ಲಿದೆ. ಗಾಳಿ ಪೂರ್ವದಿಂದ ಬೀಸುವ ದಿನಗಳಲ್ಲಿ ವಿಮಾನಗಳು ನಮ್ಮ ಮನೆಗಳ ಮೇಲೇ ಹಾದು ಇಳಿಯುತ್ತವೆ. ಸದ್ದಿನ ಕಾರಣಕ್ಕೆ ಇಲ್ಲಿ ಬಾಡಿಗೆ ಸ್ವಲ್ಪ ಕಡಿಮೆ. ನಂಜನಗೂಡಿನ ಆಸ್ಪತ್ರೆಯಲ್ಲಿ ಆರು ವರ್ಷ ನರ್ಸಾಗಿ ಕೆಲಸ ಮಾಡಿ, ಜರ್ಮನ್ ಕಲಿತು ಪರೀಕ್ಷೆ ಪಾಸು ಮಾಡಿ ಬಂದ ನನಗೆ ಕೈಗೆಟುಕಿದ್ದು ಇದೊಂದೇ. ಕೆಲಸ ಇಲ್ಲಿನ ಒಂದು 'ಹೈಮ್'ನಲ್ಲಿ. ಹೈಮ್ ಎಂದರೆ ವಯಸ್ಸಾದವರು ಒಟ್ಟಾಗಿ ಇರುವ ಮನೆ. ಬೆಳಿಗ್ಗೆ ಅವರನ್ನು ಎಬ್ಬಿಸುವುದು, ಮಾತ್ರೆ ಕೊಡುವುದು, ದಿನವಿಡೀ ಕೂತೇ ಇರುವವರ ಕಾಲು ಊದಿದೆಯೇ ಎಂದು ಮುಟ್ಟಿ ನೋಡುವುದು ನನ್ನ ಕೆಲಸ.

ನಮ್ಮೂರು ನಂಜನಗೂಡಿನ ಹತ್ತಿರದ ಹದಿನಾರು ಎಂಬ ಹಳ್ಳಿ. ಅಲ್ಲಿ ಆಕಾಶದಲ್ಲಿ ವಿಮಾನದ ಸದ್ದು ಕೇಳಿದರೆ ಗದ್ದೆಯಲ್ಲಿದ್ದವರು ಈಗಲೂ ಒಂದು ಗಳಿಗೆ ತಲೆ ಎತ್ತುತ್ತಾರೆ. ಇಲ್ಲಿ ಯಾರೂ ಎತ್ತುವುದಿಲ್ಲ. ಒಂದು ತಿಂಗಳಾದ ಮೇಲೆ ನಾನೂ ಎತ್ತುವುದನ್ನು ಬಿಟ್ಟೆ. ಇಷ್ಟು ವಿಮಾನ ಹಾರುವ ಊರಿನಿಂದ ಮನೆಗೆ ಹೋಗುವುದು ಸುಲಭವಿರಬೇಕು ಎಂದುಕೊಂಡಿದ್ದೆ.

ಎರಡನೆಯ ವರ್ಷದ ಬೇಸಿಗೆಯ ಮೊದಲು ಗಿರಿಜಕ್ಕ ಫೋನ್ ಮಾಡಿದಳು. ಅವ್ವ ಹೋದ ಮೇಲೆ ನನ್ನನ್ನು ಸಾಕಿದ್ದು ಅವಳೇ. ಮದುವೆಯಾಗಿ ಸೋಮನಾಥಪುರದಲ್ಲಿದ್ದಾಳೆ. ಎಂಟು ವರ್ಷದ ಹಿಂದೆ ಅವಳ ಮೊದಲ ಮಗು ಹುಟ್ಟುವಾಗಲೇ ತೀರಿಕೊಂಡಿತ್ತು. ಆಮೇಲೆ ಮಕ್ಕಳಾಗಿರಲಿಲ್ಲ.

"ಈಗ ಐದು ತಿಂಗ್ಳು ಕಣೇ ಸುಧಾ. ಯಾರ್ಗೂ ಏಳಿರ್ನಿಲ್ಲ," ಅಂದಳು. "ಎರಿಗೆಗೆ ನೀನಿರ್ಬೇಕು. ನೀನಿದ್ರೆ ನಂಗೆ ಧೈರ್ಯ."

"ಬತ್ತೀನಿ ಅಕ್ಕ," ಅಂದೆ.

ಡಾಕ್ಟರು ಕೊಟ್ಟ ತಾರೀಖು ಆಗಸ್ಟ್‌ನಲ್ಲಿತ್ತು. ಇಲ್ಲಿ ಶಾಲೆಗಳಿಗೆ ರಜೆ ಇರುವ ಕಾಲ, ದೇಶಕ್ಕೆ ದೇಶವೇ ಪ್ರವಾಸ ಹೊರಡುವ ಕಾಲ. ಫೋನಿನಲ್ಲಿ ಫ್ರಾಂಕ್‌ಫರ್ಟ್‌ನಿಂದ ಬೆಂಗಳೂರಿಗೆ ಎಂದು ಹುಡುಕಿದರೆ ಬಂದ ದರ ನನ್ನ ಒಂದು ತಿಂಗಳ ಸಂಬಳವನ್ನೂ ಮೀರಿತ್ತು. ದಿನ ಬದಲಿಸಿದೆ, ಗಲ್ಫ್ ಮೂಲಕ ಹೋಗುವುದನ್ನು ನೋಡಿದೆ, ಎರಡು ವಾರ ಕಾದು ನೋಡಿದೆ. ಕಾದಷ್ಟೂ ಏರಿತು.

ಹೈಮ್‌ನ ಅಡುಗೆಮನೆಯಲ್ಲಿ ಸೆಲಾಮ್ ಎಂಬ ಎರಿಟ್ರಿಯಾದ ಹೆಂಗಸು ಇದ್ದಾಳೆ. ಇಪ್ಪತ್ತು ವರ್ಷದಿಂದ ಇಲ್ಲಿರುವವಳು. ಊಟದ ಹೊತ್ತಿನಲ್ಲಿ ನನ್ನ ಮುಖ ನೋಡಿ ಫೋನನ್ನು ಕಿತ್ತುಕೊಂಡಳು.

"ಇಲ್ಲಿಂದ ಯಾಕೆ ಹುಡುಕುತ್ತೀಯಾ?" ಎಂದು ತನ್ನ ಜರ್ಮನ್‌ನಲ್ಲಿ ಕೇಳಿದಳು. "ಇಲ್ಲಿಯವರು ಹೇಗೂ ಇಲ್ಲಿಂದಲೇ ಹೋಗುತ್ತಾರೆ. ಅವರಿಗೆ ಯಾಕೆ ಕಡಿಮೆ ಮಾಡುತ್ತಾರೆ? ಬ್ರಸೆಲ್ಸ್ ಹಾಕು. ಮಿಲಾನ್ ಹಾಕು. ಬುಧವಾರ ಹಾಕು."

ಬ್ರಸೆಲ್ಸ್ ಹಾಕಿದೆ. ದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ಆದರೆ ಆ ವಿಮಾನ ಬ್ರಸೆಲ್ಸ್‌ನಿಂದ ಹೊರಟು ಫ್ರಾಂಕ್‌ಫರ್ಟ್‌ಗೇ ಬಂದು, ಅಲ್ಲಿ ನಾನು ಮೊದಲು ನೋಡಿದ್ದ ಅದೇ ಬೆಂಗಳೂರಿನ ವಿಮಾನಕ್ಕೆ ನನ್ನನ್ನು ಹತ್ತಿಸುತ್ತಿತ್ತು. ನಂಜನಗೂಡಿನವರು ಮೈಸೂರಿಗೆ ಹೋಗಲು ಮೊದಲು ಗುಂಡ್ಲುಪೇಟೆಗೆ ಹೋಗಿ, ನಂಜನಗೂಡಿನ ಮೇಲೇ ಹಾದು ಬರುವ ಬಸ್ಸು ಹತ್ತಿದರೆ ಟಿಕೆಟ್ ಅಗ್ಗ ಎಂದ ಹಾಗೆ. ನಮ್ಮ ಕಡೆಯ ಕಂಡಕ್ಟರ್ ಹೀಗೆ ಹೇಳಿದರೆ ಬಸ್ ಸ್ಟ್ಯಾಂಡಿನಲ್ಲಿ ಜಗಳವೇ ಆಗಿಹೋಗುತ್ತದೆ.

"ನಾನು ಸೀದಾ ಫ್ರಾಂಕ್‌ಫರ್ಟ್‌ನಲ್ಲೇ ಹತ್ತಿದರೆ?" ಎಂದು ಕೇಳಿದೆ.

"ಮೊದಲನೆಯದನ್ನು ತಪ್ಪಿಸಿದರೆ ಇಡೀ ಟಿಕೆಟ್ ಸತ್ತಿತು," ಅಂದಳು ಸೆಲಾಮ್.

ಆ ದರ ಸಿಕ್ಕಿದ್ದು ಹೆರಿಗೆಗೆ ಒಂಬತ್ತು ದಿನ ಮುಂಚಿನ ಒಂದು ಬುಧವಾರ. ಮೂರು ವಾರದ ರಜೆ ಅದಕ್ಕೆ ಹೊಂದಿಸಿಕೊಂಡೆ. ಮಂಗಳವಾರ ಬೆಳಿಗ್ಗೆ ಫ್ರಾಂಕ್‌ಫರ್ಟ್‌ನಿಂದ ಬಸ್ಸಿನಲ್ಲಿ ಹೊರಟೆ. ಬೆಲ್ಜಿಯಂ ಗಡಿ ದಾಟಿದ ಮೇಲೆ ಹೆದ್ದಾರಿಯಲ್ಲಿ ಲಾರಿ ಮಗುಚಿ ಎರಡು ಗಂಟೆ ನಿಂತೆವು. ಪಕ್ಕದ ಸೀಟಿನ ಮುದುಕ ನನಗೆ ಒಂದು ಪೀಚ್ ಹಣ್ಣು ಕೊಟ್ಟ. ಬ್ರಸೆಲ್ಸ್ ನಿಲ್ದಾಣದ ಕುರ್ಚಿಯಲ್ಲೇ ಮಲಗಿ ಬುಧವಾರ ಬೆಳಿಗ್ಗೆ ವಿಮಾನ ಹತ್ತಿದೆ. ಆರು ಗಂಟೆಯ ಬಸ್ಸಿನ ದಾರಿ ಒಂದು ಗಂಟೆಯಲ್ಲಿ ಹಿಂದಕ್ಕೆ ಮುಗಿಯಿತು. ನಗು ಬರಬೇಕಿತ್ತು, ಸುಸ್ತಾಗಿತ್ತು.

ಫ್ರಾಂಕ್‌ಫರ್ಟ್‌ನ ಗೇಟಿನಲ್ಲಿ ಕೂತಿದ್ದಾಗ ಮಾದೇಶ ಭಾವನ ಫೋನ್ ಬಂತು.

"ಸುಧಾ, ನೋವು ಬಂದ್ಬುಡ್ತು ಕಣವ್ವ. ಮೈಸೂರ್ಗೆ ಕರ್ಕಂಡ್ ಬಂದಿವ್ನಿ. ಆಪರೇಸನ್ ಮಾಡ್ಬೇಕು ಅಂತಾವ್ರೆ. ಸೈನ್ ಆಕ್ಲಾ?"

"ಹಾಕಿ ಭಾವ. ಯೋಚ್ನೆ ಮಾಡ್ಬೇಡಿ, ಹಾಕಿ. ಮಗೀನ ಎದೆಬಡಿತ ಹೆಂಗದೆ ಅಂತ ಕೇಳಿ."

"ನೀನೆಲ್ಲಿದ್ದೀಯವ್ವ?"

ಎಲ್ಲಿದ್ದೇನೆ ಎಂದು ಹೇಳುವುದು? ಹಿಂದಿನ ದಿನ ಬೆಳಿಗ್ಗೆ ಬೀಗ ಹಾಕಿ ಬಂದ ಕೋಣೆಗೆ ಅಲ್ಲಿಂದ ರೈಲಿನಲ್ಲಿ ಹತ್ತು ನಿಮಿಷ. ಒಂದು ದಿನವೆಲ್ಲ ಪ್ರಯಾಣ ಮಾಡಿ ನಾನು ಹೊರಟಲ್ಲಿಗೇ ಬಂದಿದ್ದೆ. "ದಾರೀಲಿವ್ನಿ ಭಾವ," ಅಂದೆ. ಆಮೇಲೆ ವಿಮಾನ ಹತ್ತಿಸಿದರು, ಫೋನ್ ಆರಿಸಲು ಹೇಳಿದರು. ಒಂಬತ್ತು ಗಂಟೆ ಅಕ್ಕ ಇದ್ದಾಳೋ ಇಲ್ಲವೋ ಗೊತ್ತಿಲ್ಲದೆ ಕೂತಿದ್ದೆ. ಊಟ ಕೊಟ್ಟರು, ತಿಂದೆ. ಏನು ತಿಂದೆನೋ ನೆನಪಿಲ್ಲ.

ಬೆಂಗಳೂರಿನಲ್ಲಿ ಫೋನ್ ಆನ್ ಮಾಡಿದಾಗ ಭಾವ ಕಳಿಸಿದ್ದ ಫೋಟೋ ಇತ್ತು. ಹೆಣ್ಣು ಮಗು. ಇಬ್ಬರೂ ಚೆನ್ನಾಗಿದ್ದರು. ಬೆಳಗಾಗುವ ಹೊತ್ತಿಗೆ ಮೈಸೂರಿನ ಆಸ್ಪತ್ರೆ ಸೇರಿದೆ. ಅಕ್ಕ ನನ್ನನ್ನು ನೋಡಿ ಮುಖವನ್ನು ಗೋಡೆಯ ಕಡೆ ತಿರುಗಿಸಿದಳು.

"ಬತ್ತೀನಿ ಅಂದಿದ್ದೆ," ಅಂದಳು.

ಬ್ರಸೆಲ್ಸ್, ಬುಧವಾರ, ಅರ್ಧ ದರ ಎಂದು ನಾನು ವಿವರಿಸಲು ಹೋಗಲಿಲ್ಲ. ಮಗುವನ್ನು ಎತ್ತಿಕೊಂಡೆ.

ಐದನೆಯ ದಿನ ಸೋಮನಾಥಪುರಕ್ಕೆ ಬಂದೆವು. ಬಾಣಂತನ ಅಕ್ಕನ ಅತ್ತೆ ಪುಟ್ಟಮ್ಮನ ಕೈಯಲ್ಲಿತ್ತು. ಗಟ್ಟಿ ಹೆಂಗಸು, ಊರಲ್ಲಿ ಎಷ್ಟೋ ಮಕ್ಕಳಿಗೆ ನೀರು ಹಾಕಿದವರು. ಮೂರು ದಿನ ಕಳೆದ ಮೇಲೆ ಅಕ್ಕ ಎಡಗಾಲು ನೋವೆಂದಳು. ಪುಟ್ಟಮ್ಮ ಹರಳೆಣ್ಣೆ ಬಿಸಿ ಮಾಡಿಕೊಂಡು ಬಂದು ನೀವಲು ಕೂತರು. ನಾನು ಮಗುವಿನ ಬಟ್ಟೆ ಮಡಿಸುತ್ತಿದ್ದವಳು ಎದ್ದು ಹೋಗಿ ಕಾಲು ಮುಟ್ಟಿದೆ. ಮೀನಖಂಡ ಬಿಗಿದು ಊದಿತ್ತು. ಇನ್ನೊಂದು ಕಾಲಿಗಿಂತ ಬಿಸಿಯಾಗಿತ್ತು.

"ಕಾಲು ನೀವ್ಬೇಡಿ ಅತ್ತೆ," ಅಂದೆ.

"ಯಾಕವ್ವ? ಮಲ್ಗಿ ಮಲ್ಗಿ ಇಡ್ಕಂಡದೆ. ಎಷ್ಟು ಬಾಣಂತನ ಮಾಡಿವ್ನಿ ಈ ಕೈಲಿ! ಒಂದ್ ಕಾಲು ನೀವೋದ ಜರ್ಮನಿಯಿಂದ ಬಂದು ಕಲುಸ್ಬೇಕಾ?"

ಅವರ ಕೈ ಹಿಡಿದುಕೊಂಡೆ. ಅಷ್ಟು ಗಟ್ಟಿಯಾಗಿ ಹಿರಿಯರ ಕೈ ಹಿಡಿದದ್ದು ಅದೇ ಮೊದಲು. "ರಕ್ತ ಹೆಪ್ಪುಗಟ್ಟಿರ್ಬೋದು ಅತ್ತೆ. ಉಜ್ಜಿದ್ರೆ ಅದು ಮೇಲಕ್ಕೆ ಹೋಯ್ತದೆ. ಭಾವ, ಕಾರ್ ತರ್ಸಿ."

ಪುಟ್ಟಮ್ಮ ಎಣ್ಣೆಯ ಬಟ್ಟಲನ್ನು ಕುಟ್ಟಿ ಇಟ್ಟು ಒಳಗೆ ಹೋದರು. ನಾವು ಮೈಸೂರಿಗೆ ಹೋದೆವು. ಸ್ಕ್ಯಾನ್ ಮಾಡಿದ ಡಾಕ್ಟರು ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದೆ, ಉಜ್ಜಿದ್ದರೆ ಶ್ವಾಸಕೋಶಕ್ಕೆ ಹೋಗಬಹುದಿತ್ತು ಎಂದರು. ಕೆಲವು ದಿನ ಇಂಜೆಕ್ಷನ್ ಕೊಟ್ಟರು. ಮನೆಗೆ ವಾಪಸಾದ ಸಂಜೆ ಪುಟ್ಟಮ್ಮ ನನಗೆ ಮೊದಲು ಬಡಿಸಿ, ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದರು. ಅಕ್ಕ ಮಾತ್ರ, "ಎರಿಗೆಗೆ ಬರ್ನಿಲ್ಲ, ಇದ್ಕೆ ಬಂದೆ," ಅಂದಳು. ಕ್ಷಮಿಸಿದಳೋ ಲೆಕ್ಕ ಹೇಳಿದಳೋ ನನಗೆ ಇವತ್ತಿಗೂ ತಿಳಿಯದು.

ಹೊರಡುವ ದಿನ ಹತ್ತಿರವಾದಂತೆ ಓಣಿಯವರೆಲ್ಲ ಕೇಳುತ್ತಿದ್ದದ್ದು ಒಂದೇ, "ಯಾವಾಗ ವಾಪಸ್ ಓಗೋದು?" ಬಂದ ದಿನವೂ ಅದನ್ನೇ ಕೇಳಿದ್ದರು. ವಾಪಸ್ ಬರುವಾಗ ಫ್ರಾಂಕ್‌ಫರ್ಟ್‌ನಲ್ಲಿ ಇಳಿದು, ಪೆಟ್ಟಿಗೆ ಬ್ರಸೆಲ್ಸ್‌ಗೆ ಹೋಗುತ್ತದಲ್ಲ ಎಂದು ನಾನೂ ಅದರ ಹಿಂದೆ ಹೋಗಿ, ಮತ್ತೆ ಬಸ್ಸಿನಲ್ಲಿ ಬಂದೆ.

ಆಮೇಲೆ ಸೆಲಾಮ್ ಇನ್ನೊಂದು ಪಾಠ ಹೇಳಿಕೊಟ್ಟಳು. ಒಮ್ಮೆ ಬೆಂಗಳೂರಿಗೆ ಹೋಗುವ ಟಿಕೆಟ್ ಮಾತ್ರ ಕೊಂಡು, ಆಮೇಲಿನ ಹೋಗಿಬರುವ ಟಿಕೆಟ್ಟುಗಳನ್ನೆಲ್ಲ ಬೆಂಗಳೂರಿನಿಂದಲೇ ಶುರುಮಾಡಬೇಕು. ದರ ಕಡಿಮೆ, ಬ್ರಸೆಲ್ಸ್ ಬೇಡ. ಮಗುವಿನ ಮೊದಲ ಹುಟ್ಟುಹಬ್ಬದಿಂದ ಹಾಗೇ ಮಾಡುತ್ತಿದ್ದೇನೆ. ವಿಮಾನದವರ ಕಾಗದದಲ್ಲಿ ಈಗ ನಾನು ಬೆಂಗಳೂರಿನಿಂದ ಹೊರಟು, ಕೆಲವು ತಿಂಗಳು ಜರ್ಮನಿ ನೋಡಿಕೊಂಡು, ಬೆಂಗಳೂರಿಗೇ ಹಿಂತಿರುಗುವವಳು. ಗಡಿಯಲ್ಲಿ ಮುದ್ರೆ ಒತ್ತುವವರ ಕಾಗದದಲ್ಲಿ ಅದರ ತಿರುವುಮುರುವು.

ಆ ಹುಟ್ಟುಹಬ್ಬ ಮುಗಿಸಿ ಬಂದು ರೌನ್‌ಹೈಮ್‌ನ ಕೋಣೆಯಲ್ಲಿ ಚಪ್ಪಲಿ ಬಿಡುತ್ತಿದ್ದಾಗ ಗಿರಿಜಕ್ಕನ ಫೋನ್ ಬಂತು. ಅದುವರೆಗೆ ಅವಳು ಕೇಳುತ್ತಿದ್ದದ್ದು, "ಅಲ್ಲಿಗೆ ಓದ್ಯಾ?" ಎಂದು. ಈ ಸಲ ಹಿಂದೆ ಮಗು ಕಿರುಚುತ್ತಿತ್ತು, ಅವಳಿಗೆ ಅವಸರ.

"ಊರು ಸೇರ್ಕೊಂಡ್ಯೇನೇ?" ಅಂದಳು.

ಇದನ್ನು 'ಊರು' ಅಂದದ್ದು ಅವಳಿಗೇ ಗೊತ್ತಾಗಿರಲಿಲ್ಲ. ತಿದ್ದೋಣವೇ ಎಂದುಕೊಳ್ಳುತ್ತ ಇನ್ನೊಂದು ಚಪ್ಪಲಿಯನ್ನೂ ಬಿಟ್ಟೆ.

"ಸೇರ್ಕೊಂಡೆ ಅಕ್ಕ," ಅಂದೆ.